ಬಲಗೊಂಬಿನ ಹೂವು

ಇಡೀ ಕುರುಗೋಡಿನಲ್ಲಿ ನಮ್ಮ ಸೋದರಮಾವನಷ್ಟು ನಿಶ್ಚಿಂತ ಮನುಷ್ಯ ಇನ್ನೊಬ್ಬನಿಲ್ಲ. ಯಾಕೆಂದರೆ ಅವರು ಜೀವಮಾನದಲ್ಲಿ ಒಂದೇ ಒಂದು ನಿರ್ಧಾರವನ್ನೂ ತಾವಾಗಿ ತೆಗೆದುಕೊಂಡವರಲ್ಲ! ಎಲ್ಲವನ್ನೂ ಬಸವಣ್ಣನ ತಲೆಗೆ ಕಟ್ಟಿ ಹಾಯಾಗಿದ್ದಾರೆ.

ಅವರ ದೇವರಮನೆಯಲ್ಲಿ ಗೇಣುದ್ದದ ಕರಿಕಲ್ಲಿನ ಬಸವಣ್ಣನಿದ್ದಾನೆ. ಮಾವ ಬಿಳಿ ಕಣಗಿಲೆ ಹೂವುಗಳನ್ನು ನೀರಲ್ಲಿ ಅದ್ದಿ, ಅವನ ಎರಡು ಕೊಂಬಿಗೂ ಒಂದೊಂದು ಅಂಟಿಸಿ, ಎದುರಿಗೆ ಕೂತು ಪ್ರಶ್ನೆ ಹಾಕುತ್ತಾರೆ. ಬಲಗಡೆಯ ಹೂವು ಮೊದಲು ಬಿದ್ದರೆ 'ಆಗಲಿ', ಎಡಗಡೆಯದು ಬಿದ್ದರೆ 'ಬೇಡ'. ಮದುವೆ, ಮನೆ ಕಟ್ಟುವುದು ಇಂಥ ದೊಡ್ಡ ವಿಷಯಕ್ಕೆ ನಮ್ಮ ಕಡೆ ಹೀಗೆ ಹೂವು ಕೇಳುವುದುಂಟು. ಮಾವ ಮಾತ್ರ ಸಿರುಗುಪ್ಪಕ್ಕೆ ಹತ್ತೂವರೆ ಬಸ್ಸಿಗೆ ಹೋಗಬೇಕೋ ಹನ್ನೊಂದರ ಬಸ್ಸಿಗೋ ಎಂದೂ ಕೇಳುತ್ತಾರೆ! ಹೂವು ಬೀಳುವಷ್ಟರಲ್ಲಿ ಎರಡೂ ಬಸ್ಸು ಹೋಗಿರುತ್ತವೆ. "ನೋಡ್ದೇನಲೇ ಅಳಿಯಾ, ನಾ ಹೋಗೋದು ಅವನಿಗೆ ಬ್ಯಾಡಾಗಿತ್ತು" ಎಂದು ಸಮಾಧಾನದಿಂದ ಏಳುತ್ತಾರೆ. ಇಂಥವರಿಗೆ ಏನು ಹೇಳೋಣ?

ನಾನೋ, ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಫ್ಯಾನು, ಮೋಟಾರು ರಿಪೇರಿ ಮಾಡುವವನು. ತಿರುಗುವುದಕ್ಕೆಲ್ಲ ತಂತಿ ಇರಬೇಕು, ಬೀಳುವುದಕ್ಕೆಲ್ಲ ಕಾರಣ ಇರಬೇಕು ಎನ್ನುವ ಪೈಕಿ.

"ಮಾವ, ನೀರು ಆರಿದ್ರ ಹೂವು ಬೀಳ್ತೈತಿ. ಅದರಾಗ ದೇವರದೇನೈತಿ?" ಎಂದೆ ಒಮ್ಮೆ.

"ಆರಿದ್ರ ಬೀಳ್ತೈತಿ ಅನ್ನೋದು ನನಗೂ ಗೊತ್ತೈತಿ. ಯಾವ ಕಡೀದು ಮೊದಲು ಆರಬೇಕು ಅಂತ ನೀರಿಗೆ ಯಾರು ಹೇಳ್ತಾರ?"

ಆದರೂ ನಗುತ್ತಲೇ ಇದ್ದೆ, ಆ ಬೇಸಿಗೆಯ ಮಧ್ಯಾಹ್ನದವರೆಗೆ. ಅವತ್ತು ಕುರುಗೋಡಿಗೆ ಹೋಗಿದ್ದೆ. ಕರೆಂಟಿಲ್ಲ, ಗಾಳಿಯಿಲ್ಲ. ಗುಡ್ಡದ ಬಂಡೆಗಳೆಲ್ಲ ಕಾದು, ಓಣಿಯಲ್ಲಿ ಒಂದು ನಾಯಿಯ ದನಿಯೂ ಇರಲಿಲ್ಲ. ಮಾವ, ಅತ್ತೆ, ನಾನು ಮೂವರೂ ಅಡುಗೆಮನೆಯಲ್ಲಿದ್ದೆವು. ಅತ್ತೆ ಇದ್ದಕ್ಕಿದ್ದಂತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. "ಪಡಸಾಲ್ಯಾಗ ಯಾರೋ ಅಡ್ಡಾಡಿದಂಗ ಆಕೈತ್ರಿ" ಎಂದರು. ನನಗೂ ಕೇಳಿಸಿತು, ಬರಿಗಾಲಿನ ಸದ್ದು. ಹೋಗಿ ನೋಡಿದರೆ ಯಾರೂ ಇಲ್ಲ. ಮುಂಬಾಗಿಲಿನ ಚಿಲಕ ಹಾಕಿದ್ದು ಹಾಕಿದಂತೆಯೇ ಇತ್ತು.

ಮಾವ ನೇರ ದೇವರಮನೆಗೆ ಹೋಗಿ ಹೂವು ಇಟ್ಟರು. "ಬಸವಣ್ಣ, ಈ ಮನ್ಯಾಗ ನಾವು ಮೂರು ಮಂದಿ ಅಲ್ದ ಇನ್ನೊಬ್ರು ಅದಾರೇನಪ್ಪ?"

ಮಾತು ಮುಗಿಯುವ ಮೊದಲೇ ಬಲಗಡೆಯ ಹೂವು ಟಪ್ಪನೆ ಬಿತ್ತು! ಅದರಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಆರುವ ಮಾತೆಲ್ಲಿ ಬಂತು?

ಬೇರೆಯವರಾಗಿದ್ದರೆ ಮನೆ ಬಿಟ್ಟು ಓಡುತ್ತಿದ್ದರು. ಮಾವ ಹೆಂಡತಿಯ ಕಡೆ ತಿರುಗಿ, "ಹಂಗಾದ್ರ ಇನ್ನೊಂದು ತಾಟು ಹಾಕು" ಎಂದರು!

ಅಂದಿನಿಂದ ದಿನಾ ಮಧ್ಯಾಹ್ನ ಪಡಸಾಲೆಯ ಮೂಲೆಯಲ್ಲಿ ಒಂದು ತಾಟು, ಅದರಲ್ಲಿ ಜೋಳದ ರೊಟ್ಟಿ, ಹುಳಿಸೊಪ್ಪಿನ ಪುಂಡಿಪಲ್ಯ. ಇವರು ಒಳಗೆ ಉಂಡು ಎದ್ದು ಬರುವಷ್ಟರಲ್ಲಿ ತಾಟು ಖಾಲಿ. ಬೆಕ್ಕಿನ ಕೆಲಸ ಎಂದೆ ನಾನು. "ಬೆಕ್ಕು ಪುಂಡಿಪಲ್ಯ ತಿಂದದ್ದು ಎಲ್ಲಿ ನೋಡೀಯಪ್ಪ?" ಎಂದರು ಅತ್ತೆ.

ಹೀಗಿರುವಾಗ ಸಿರಿಗೇರಿಯಿಂದ ಪೂಜೆಗೆ ವಯಸ್ಸಾದ ಅಯ್ಯನವರೊಬ್ಬರು ಬಂದರು. ಮಾವ ಹೂವು ಕೇಳುವುದನ್ನು ನೋಡುತ್ತ ಕೂತಿದ್ದು, ಕೊನೆಗೆ ಮೆಲ್ಲಗೆ ಕೆಮ್ಮಿದರು.

"ಯಜಮಾನ್ರ, ನೀವು ನಿಮ್ಮ ಬಲಕ್ಕ ನೋಡಾಕತ್ತೀರಿ. ದೇವರು ನಿಮಗ ಎದುರಾಗಿ ಕುಂತಾನ. ಅವನ ಬಲ ನಿಮಗ ಎಡ ಆಕೈತ್ರಿ."

ನಲವತ್ತು ವರ್ಷ! ದೇವರು ಬೇಡವೆಂದದ್ದನ್ನೆಲ್ಲ ಮಾಡಿ, ಮಾಡು ಎಂದದ್ದನ್ನೆಲ್ಲ ಬಿಟ್ಟು ಮಾವ ನಲವತ್ತು ವರ್ಷ ಸಂಸಾರ ಮಾಡಿದ್ದರು! ಹೂವು ಕೇಳಿಯೇ ಮಾವ ಸಿರುಗುಪ್ಪದಿಂದ ಮದುವೆಯಾಗಿ ತಂದಿದ್ದ ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತರು.

"ಹಂಗಾದ್ರ ನನ್ನ ಮಾಡ್ಕೋಬ್ಯಾಡ ಅಂದಿದ್ನೇನ್ರಿ?"

"ಅಂದಿದ್ನೇನೋ. ಚಲೋನ ಆತಲ್ಲ?" ಎಂದರು ಮಾವ.

ಅತ್ತೆ ನಗಲಿಲ್ಲ. "ಅದಿರ್ಲಿ. ಮನ್ಯಾಗ ಇನ್ನೊಬ್ರು ಇಲ್ಲ ಅಂತ ಅವತ್ತು ಹೇಳಿದಂಗಾತು. ಮತ್ತ ದಿನಾ ಆ ರೊಟ್ಟಿ ತಿನ್ನಾಕತ್ತೋರು ಯಾರು?"

ಅಯ್ಯನವರು ಊಟಕ್ಕೂ ನಿಲ್ಲದೆ ಚೀಲ ಎತ್ತಿಕೊಂಡು ಹೊರಟರು.

ಕಳೆದ ಮಳೆಗಾಲದಲ್ಲಿ ನನ್ನ ಎಂಟು ವರ್ಷದ ಮಗಳು ಡೆಂಗಿಜ್ವರದಿಂದ ಬಳ್ಳಾರಿಯಲ್ಲಿ ಆಸ್ಪತ್ರೆ ಸೇರಿದಳು. ಪ್ಲೇಟ್‌ಲೆಟ್ ದಿನದಿನಕ್ಕೆ ಇಳಿಯುತ್ತಲೇ ಹೋಯಿತು. "ಇನ್ನೆರಡು ದಿನ ದಾಟಬೇಕ್ರಿ" ಎಂದರು ಡಾಕ್ಟರು. ಕಾರಣವೆಲ್ಲ ಗೊತ್ತಿತ್ತು ನನಗೆ. ಗೊತ್ತಿದ್ದು ಏನು ಬಂತು? ನಾಚಿಕೆ ಬಿಟ್ಟು ಕುರುಗೋಡಿಗೆ ಫೋನು ಮಾಡಿದೆ. "ಮಾವ, ಹೂವು ಕೇಳ್ರಿ" ಎಂದೆ. ಅವರು "ಹೂಂ" ಎಂದು ಇಟ್ಟುಬಿಟ್ಟರು.

ಮತ್ತೆ ಅವರಿಂದ ಫೋನಿಲ್ಲ. ನಾನೇ ಮಾಡಿದರೆ ಅತ್ತೆ ಎತ್ತಿದರು. "ದೇವರ ಮನಿ ಬಾಗಲಾ ಹಾಕ್ಕೊಂಡು ಕುಂತಾರಪ್ಪ. ಒಳಗ ಮಾತಾಡಾಕತ್ತಾರ. ಯಾರ ಕೂಡ ಅಂತ ನನ್ನ ಕೇಳಬ್ಯಾಡ."

ಬೇಡ ಎನ್ನುವ ಹೂವೇ ಬಿದ್ದಿದೆ, ಅದಕ್ಕೇ ಹೇಳುತ್ತಿಲ್ಲ ಎಂದುಕೊಂಡೆ! ಮರುದಿನ ಮಧ್ಯಾಹ್ನ ಹೆಂಡತಿಯನ್ನು ಮಗಳ ಹತ್ತಿರ ಬಿಟ್ಟು ಬೈಕ್ ಹತ್ತಿದೆ.

ದೇವರಮನೆಯ ಬಾಗಿಲ ಹೊರಗೆ ನಿಂತು ಕಿವಿಗೊಟ್ಟೆ. ಮಾವನ ದನಿ, ಸ್ವಲ್ಪ ಹೊತ್ತು ಮೌನ, ಆಮೇಲೆ "ಹೌದಪ್ಪ, ಖರೇನ", ಮತ್ತೆ ಮೌನ. ಎದುರಿಗೆ ಯಾರೋ ಕೂತು ಉತ್ತರ ಕೊಡುತ್ತಿದ್ದಂತೆ. ಬಾಗಿಲು ತಳ್ಳಿದೆ. ಒಳಗೆ ಮಾವ ಒಬ್ಬರೇ, ಗಡ್ಡ ಬೆಳೆದು, ತುಟಿ ಒಣಗಿ ಬರಿ ನೆಲದ ಮೇಲೆ ಕೂತಿದ್ದರು. ಬಸವಣ್ಣನ ಕೊಂಬುಗಳು ಬೋಳಾಗಿದ್ದವು.

"ಹೂವು ಎಲ್ಲಿ ಮಾವ? ಯಾವ ಕಡೆ ಬಿತ್ತು?"

"ಇಡಲಿಲ್ಲ."

"ಯಾಕ್ರಿ?"

"ಇಟ್ರ ಯಾವುದಾರ ಒಂದು ಬೀಳ್ತೈತಿ. ಬ್ಯಾಡ ಅಂದ್ರ ನಾ ಒಪ್ಪಬೇಕಲ್ಲೇ? ನಾ ಒಪ್ಪಂಗಿಲ್ಲ. ನಲವತ್ತು ವರ್ಷ ಅವನ ಮಾತು ತಪ್ಪು ತಿಳ್ಕೊಂಡೆ, ಆದ್ರೂ ಅವ ಕೈ ಬಿಡಲಿಲ್ಲ. ಇನ್ನ ಕೇಳೋದೇನೈತಿ? ನನಗ ಉತ್ತರ ಬ್ಯಾಡ, ಕೂಸು ಬೇಕು ಅಂತ ಬೇಡಾಕತ್ತೀನಿ. ಅಷ್ಟ."

ನನಗೆ ತಡೆಯಲಾಗಲಿಲ್ಲ. ಅವರ ಪಕ್ಕದಲ್ಲಿ ಕುಸಿದು ಕೂತು ಗೊಳೋ ಎಂದು ಅತ್ತುಬಿಟ್ಟೆ. ಹೇಗೆ ಬೇಡಬೇಕೆಂಬುದೂ ತಿಳಿಯದೆ ಬರೀ ಮಗಳ ಹೆಸರನ್ನೇ ಹೇಳುತ್ತ ಕೈಮುಗಿದೆ. ಎಷ್ಟು ಹೊತ್ತು ಹಾಗೆ ಕೂತೆವೋ ಗೊತ್ತಿಲ್ಲ. ಹೆಂಡತಿಯ ಫೋನು ಬಂತು. ಪ್ಲೇಟ್‌ಲೆಟ್ ಏರತೊಡಗಿದೆಯಂತೆ, ಮಗಳು ಕಣ್ಣು ಬಿಟ್ಟು ಇಡ್ಲಿ ಕೇಳಿದಳಂತೆ.

ಮಾವ ಏಳಲು ಹೋದರು, ಕಾಲು ನಿಲ್ಲಲಿಲ್ಲ. ನಾನು ರಟ್ಟೆ ಹಿಡಿದು ಎತ್ತಿದೆ. ಖುಷಿಗೆ ನಾನು ಬಸವಣ್ಣನ ಮುಂದೆ ಗಂಟೆ ಬಾರಿಸಲು ಹೋದರೆ ಗಬಕ್ಕನೆ ಕೈ ಹಿಡಿದುಕೊಂಡರು.

"ಸುಮ್ನಿರಲೇ. ಎರಡು ದಿನ ಆತು, ಅವನಿಗೂ ನಿದ್ದಿ ಕೊಟ್ಟಿಲ್ಲ ನಾ" ಎಂದು ಹೆಗಲ ಮೇಲಿನ ಟವೆಲ್ ತೆಗೆದು ಬಸವಣ್ಣನಿಗೆ ಹೊದಿಸಿದರು. ನಾವಿಬ್ಬರೂ ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೊರಗೆ ಬಂದೆವು.