ರೆಫರಿಗೆ ದೊಡ್ಡಪ್ಪ ಕೊಟ್ಟ ಅಂಕ

ಫುಟ್‌ಬಾಲ್ ಪಂದ್ಯವನ್ನು ಮೊದಲಿನಿಂದ ಕೊನೆಯವರೆಗೆ ಕಣ್ಣು ಮಿಟುಕಿಸದೆ ನೋಡಿಯೂ ಯಾರು ಗೆದ್ದರೆಂದು ತಿಳಿಯದ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇರಬಹುದು. ಅವರು ಗುತ್ತಲಿನ ನಮ್ಮ ಮನೆಯಲ್ಲಿದ್ದಾರೆ. ನನ್ನ ದೊಡ್ಡಪ್ಪ!

ದೊಡ್ಡಪ್ಪ ಚೆಂಡನ್ನು ನೋಡುವುದಿಲ್ಲ. ರೆಫರಿಯನ್ನು ಮಾತ್ರ ನೋಡುತ್ತಾರೆ. ಟೀವಿಯವರು ರೆಫರಿಯನ್ನು ಬಿಟ್ಟು ಗೋಲು ತೋರಿಸಿದರೆ ಅವರಿಗೆ ಸಿಟ್ಟು ಬರುತ್ತದೆ. ಪಂದ್ಯ ಮುಗಿದ ಮೇಲೆ ರೆಫರಿಗೆ ನೂರಕ್ಕೆ ಇಷ್ಟೆಂದು ಅಂಕ ಕೊಡುತ್ತಾರೆ. ಅದನ್ನು ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಬರೆದುಕೊಳ್ಳುವ ಕೆಲಸ ನನ್ನದು. ನನ್ನ ಸ್ನಾತಕೋತ್ತರ ಪದವಿ ಮತ್ತೇತಕ್ಕೆ?

ಅವರ ಪರೀಕ್ಷೆಯಲ್ಲಿ ಮೂರೇ ಪ್ರಶ್ನೆ. ಜಗಳದ ಜಾಗಕ್ಕೆ ಓಡಿಹೋಗಿ ನಿಂತನೇ? ಮುಖ ನೋಡದೆ ಕಾಲು ನೋಡಿದನೇ? ಕೂಗಾಡಿದವರಿಗೆ ಹೆದರಿ ತೀರ್ಪು ಬದಲಿಸಿದನೇ? ಒಮ್ಮೆಯೂ ಫುಟ್‌ಬಾಲ್ ಒದ್ದಿರದವರಿಗೆ ಇಷ್ಟು ಧೈರ್ಯ ಎಲ್ಲಿಂದ ಬಂತು ಎನ್ನುತ್ತೀರಾ? ಅವರು ಯಲಿಯೂರಿನಲ್ಲಿ ಮೂವತ್ತು ವರ್ಷ ನೀರಗಂಟಿಯಾಗಿದ್ದರು. ನಾಲೆಯ ನೀರನ್ನು ಸರದಿಯಂತೆ ಗದ್ದೆಗಳಿಗೆ ಬಿಡುವುದು, ಸರದಿ ಮುಗಿದ ಕೂಡಲೇ ತೂಬು ಮುಚ್ಚುವುದು, ಎರಡೂ ಕಡೆಯವರಿಂದ ಬೈಸಿಕೊಳ್ಳುವುದು. ರೆಫರಿಯ ಕೆಲಸವೂ ಅದೇ, ಸೀಟಿಯೊಂದು ಹೆಚ್ಚು ಎಂದು ಅವರ ವಾದ.

ಈ ಚಟ ಮೈದಾನಕ್ಕೇ ಸೀಮಿತವಾಗಿದ್ದರೆ ನಾವು ಮರ್ಯಾದೆಯಿಂದ ಬದುಕಿರುತ್ತಿದ್ದೆವು. ಮದ್ದೂರಿನ ಮದುವೆಯೊಂದರಲ್ಲಿ ಪಾಯಸ ಬಡಿಸುವವನನ್ನು ತಡೆದು, "ಮಕ ನೋಡಿ ಸೌಟು ತುಂಬುಸ್ತಿದ್ದೀಯ. ಇಪ್ಪತ್ತೆಂಟು. ಫೇಲು ಕಣಪ್ಪ" ಎಂದರು. ಆಮೇಲೆ ನಮ್ಮ ಎಲೆಗಳ ಕಡೆ ಪಾಯಸ ಸುಳಿಯಲೇ ಇಲ್ಲ! ಮಳವಳ್ಳಿ ಬಸ್ಸಿನ ಕಂಡಕ್ಟರೊಬ್ಬ ತನ್ನ ಸ್ವಂತ ಭಾವನನ್ನು ಎಬ್ಬಿಸಿ ಗರ್ಭಿಣಿಯೊಬ್ಬಳನ್ನು ಕೂರಿಸಿದ್ದಕ್ಕೆ ಎಂಬತ್ತೆರಡು ಪಡೆದ. ಟಿಕೆಟ್ಟಿನ ಹಿಂದೆ ಅಂಕ ಬರೆಸಿ ಅವನ ಕೈಗೇ ಕೊಟ್ಟರು. ಪಾಪ, ಅವನು ಅದನ್ನು ದೂರು ಎಂದುಕೊಂಡು, ನಾವು ಇಳಿಯುವವರೆಗೂ ನಮ್ಮ ಕಡೆ ತಿರುಗಲಿಲ್ಲ.

ಆರು ವರ್ಷಗಳಿಂದ ಪಂದ್ಯ ನೋಡಲು ಎದುರು ಮನೆಯ ನಿವೃತ್ತ ಮೇಷ್ಟ್ರು ಬರುತ್ತಾರೆ. ಅವರ ಮನೆಯ ಟೀವಿ ಧಾರಾವಾಹಿಗಳ ವಶದಲ್ಲಿದೆ. ಅವರೂ ಯಲಿಯೂರಿನವರೇ. ಅವರ ತಂದೆಯ ಗದ್ದೆ ನಾಲೆಯ ಮೊದಲಿಗೇ ಇತ್ತು. ಒಂದು ಬೇಸಗೆಯಲ್ಲಿ, ನಿಮ್ಮ ಸರದಿ ಮುಗಿಯಿತೆಂದು ದೊಡ್ಡಪ್ಪ ಆ ಗದ್ದೆಯ ತೂಬು ಮುಚ್ಚಿ ಕೊನೆಯ ಬಯಲಿಗೆ ನೀರು ಬಿಟ್ಟರು. ಆ ಯಜಮಾನರು ಊರಿಗೆಲ್ಲ ಕೇಳುವಂತೆ ಬೈದರು. ಇನ್ನೂ ಒಂದು ಗಂಟೆ ಬಾಕಿಯಿತ್ತು ಎಂದು ಮೇಷ್ಟ್ರು ಇಂದಿಗೂ ಸಾಧಿಸುತ್ತಾರೆ.

ಮೇಷ್ಟ್ರು ಬಾಗಿಲಾಚೆ ಕುರ್ಚಿ ಹಾಕಿಕೊಂಡು ಅಲ್ಲಿಂದಲೇ ನೋಡುತ್ತಾರೆ. ದೊಡ್ಡಮ್ಮ ಟೀ ತಂದರೆ, "ಈಗ್ತಾನೆ ಕುಡ್ಕೊಂಡ್ ಬಂದೆ ಕಣಮ್ಮ" ಎನ್ನುತ್ತಾರೆ. ಈ ಆರು ವರ್ಷಗಳಲ್ಲಿ ಆ ಮನುಷ್ಯ ಅದೆಷ್ಟು ಟೀ ಕುಡಿದಿರಬೇಕು! ಕಾರಣವನ್ನು ನಾವು ಕೇಳಿಲ್ಲ. ಗೊತ್ತಿರುವುದನ್ನು ಏಕೆ ಕೇಳಬೇಕು?

ಈ ಸಲದ ಅಂತರರಾಷ್ಟ್ರೀಯ ಟೂರ್ನಿಯ ಕ್ವಾರ್ಟರ್ ಫೈನಲ್ ನಮಗೆ ಬೆಳಗಿನ ಹೊತ್ತಿಗೆ ಬಂತು. ಕೊನೆಯ ನಿಮಿಷಗಳು, ಎರಡೂ ತಂಡ ಸಮಸಮ. ಗೋಲಿನ ಮುಂದೆ ಆಟಗಾರನೊಬ್ಬ ಬಿದ್ದು ಹೊರಳಾಡಿದ. ಅವನ ತಂಡವೆಲ್ಲ ಪೆನಾಲ್ಟಿ ಕೇಳಿತು. ರೆಫರಿ ಇಲ್ಲವೆಂದ. ಅಷ್ಟರಲ್ಲಿ ವಿಡಿಯೊ ಪರಿಶೀಲಿಸುವವರು ಅವನನ್ನು ಮೈದಾನದ ಅಂಚಿನ ಟೀವಿಯ ಬಳಿಗೆ ಕರೆದರು.

"ಟೀವಿಗೆ ಕರೆದ್ರು ಅಂದ್ರೆ ತೀರ್ಪು ತಿರುಗ್ತು ಅಂತ್ಲೇ ಕಣಯ್ಯ," ಎಂದರು ಮೇಷ್ಟ್ರು.

"ಹತ್ರದಲ್ಲೇ ನಿಂತಿದ್ದ. ಕಾಲೇ ನೋಡ್ತಿದ್ದ. ತಿರುಗ್ಸಾಕಿಲ್ಲ," ಎಂದರು ದೊಡ್ಡಪ್ಪ.

"ತಿರುಗ್ಸಿದ್ರೆ?"

ದೊಡ್ಡಪ್ಪ ರೆಫರಿಯಿಂದ ಕಣ್ಣು ಕೀಳಲಿಲ್ಲ. "ತಿರುಗ್ಸುದ್ರೆ, ಅವತ್ತು ತೂಬು ಮುಚ್ಚಿದ್ದು ನಂದೇ ತಪ್ಪು ಅಂತ ಒಪ್ಕತೀನಿ."

ನನ್ನ ಪೆನ್ನು ನಿಂತಿತು. ಅಡುಗೆಮನೆಯಿಂದ ದೊಡ್ಡಮ್ಮ ಸೌಟು ಹಿಡಿದೇ ಹೊರಬಂದರು. ಮೂವತ್ತು ವರ್ಷದ ನ್ಯಾಯವನ್ನು ಯಾವುದೋ ದೇಶದ, ಹೆಸರೂ ಗೊತ್ತಿಲ್ಲದ ಬೋಳುತಲೆಯವನ ಕೈಗೆ ಹೀಗೆ ಒಪ್ಪಿಸಿಬಿಡುವುದೇ!

"ತಿರುಗಿಸ್ದೆ ಇದ್ರೆ?" ಎಂದರು ಮೇಷ್ಟ್ರು.

"ಒಂದು ಲೋಟ ಟೀ ಕುಡೀರಿ ಮೇಷ್ಟ್ರೇ."

ರೆಫರಿ ಟೀವಿಯ ಮುಂದೆ ಬಗ್ಗಿದ. ಒಮ್ಮೆ ನೋಡಿದ, ಇನ್ನೊಮ್ಮೆ ನೋಡಿದ. ಬೆನ್ನ ಹಿಂದೆ ಆಟಗಾರರು ಕೂಗುತ್ತಿದ್ದರು. ಬೇಲಿಯಾಚೆ ಸಾವಿರಾರು ಜನ ಕೂಗುತ್ತಿದ್ದರು. ದೊಡ್ಡಪ್ಪ ಎದ್ದು, ನಾಲೆಯ ಏರಿಯ ಮೇಲೆ ನಿಲ್ಲುವಂತೆ ಕೈ ಹಿಂದೆ ಕಟ್ಟಿ ನಿಂತರು. ಮೂರನೆಯ ಸಲವೂ ನೋಡಿ ರೆಫರಿ ಮೈದಾನಕ್ಕೆ ಮರಳಿದ. ಅಡ್ಡಡ್ಡ ಕೈಯಾಡಿಸಿದ. ಪೆನಾಲ್ಟಿ ಇಲ್ಲ!

ಕುಣಿದದ್ದು ದೊಡ್ಡಮ್ಮ, ಸೌಟಿನ ಸಮೇತ. ನಾನು ಚಪ್ಪಾಳೆ ತಟ್ಟಿದೆನಂತೆ, ನನಗಂತೂ ನೆನಪಿಲ್ಲ. ದೊಡ್ಡಪ್ಪ ಪಂದ್ಯ ಮುಗಿಯಲೂ ಕಾಯದೆ, "ತೊಂಬತ್ತೊಂಬತ್ತು ಬರ್ಕವ್ವ" ಎಂದರು. ಅವರು ಈವರೆಗೆ ಯಾರಿಗೂ ಅಷ್ಟು ಕೊಟ್ಟವರಲ್ಲ. ಹಾಗಾದರೆ ಆ ಒಂದು ಅಂಕ ಏಕೆ ಹೋಯಿತು?

"ಕರುದ್ರು ಅಂತ ಟೀವಿ ತಾವ್ಕೆ ಹೋದ್ನಲ್ಲ, ಅದುಕ್ಕೆ."

ಮೇಷ್ಟ್ರು ಎದ್ದರು. ಹೊರಟರೆಂದೇ ನಾವು ತಿಳಿದೆವು. ಅವರು ಕುರ್ಚಿಯನ್ನು ಎತ್ತಿ, ಹೊಸಿಲು ದಾಟಿಸಿ, ನಡುಮನೆಯೊಳಗೆ ಹಾಕಿಕೊಂಡು ಕುಳಿತರು. "ಸಕ್ಕರೆ ಸ್ವಲ್ಪ ಜಾಸ್ತೀನೇ ಇರ್ಲಿ ಕಣಮ್ಮ" ಎಂದರು.

ದೊಡ್ಡಮ್ಮ ಕೊಟ್ಟ ಟೀ ಅರ್ಧ ಇಳಿದ ಮೇಲೆ ಅವರು ಲೋಟದೊಳಕ್ಕೆ ನೋಡುತ್ತಾ ಹೇಳಿದರು: "ನಮ್ಮಪ್ಪನ ಸರದಿ ಮುಗಿದಿತ್ತು ಕಣಯ್ಯ. ಗಡಿಯಾರ ನೋಡ್ದೋನು ನಾನೇ."

ಟೀವಿಯ ತುಂಬ ದೊಡ್ಡಪ್ಪನ ತೊಂಬತ್ತೊಂಬತ್ತರ ರೆಫರಿ ಓಡುತ್ತಿದ್ದ. ದೊಡ್ಡಪ್ಪ ಅವನ ಕಡೆ ತಿರುಗಲೂ ಇಲ್ಲ. ಮೇಷ್ಟ್ರ ಕೈಯಲ್ಲಿದ್ದ ನಮ್ಮ ಮನೆಯ ಸ್ಟೀಲು ಲೋಟವನ್ನು, ಅದು ಖಾಲಿಯಾಗುವವರೆಗೂ ನೋಡುತ್ತಿದ್ದರು.

ಪಂದ್ಯ ಗೆದ್ದವರು ಯಾರು? ಅಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.