ನನ್ನ ಕೂಲರ್ ಕಂಡರೆ ಮೋಡ ಕಳಿಸುವುದನ್ನು ನಿಲ್ಲಿಸುವ ಬಗ್ಗೆ

ಇಂದ,
ದಾಮೋದರ ಗುಲಾಬರಾವ್ ಭೋಯರ್,
ಹಿರಿಯ ಗುಮಾಸ್ತ, ಮೇಲ್ಮಹಡಿ ಬಾಡಿಗೆದಾರ,
ನಾಗಪುರ.

ಗೆ,
ಮೋಡ, ಗಾಳಿ, ಬಿಸಿಲುಗಳ ಮೇಲಧಿಕಾರಿಗಳು,
ಆಕಾಶ (ಬಾಗಿಲು ಸಂಖ್ಯೆ ತಿಳಿದಿಲ್ಲ).

ವಿಷಯ: ಹವಾಮಾನವು ನನ್ನೊಬ್ಬನನ್ನೇ ಗುರಿಮಾಡಿ ಕೆಣಕುತ್ತಿರುವ ಬಗ್ಗೆ.

ಉಲ್ಲೇಖ: 1) ತಾರಸಿಯಿಂದ ನಾನು ಸಲ್ಲಿಸಿದ ಮೌಖಿಕ ಬೈಗುಳ. 2) ಅದಕ್ಕೆ ಉತ್ತರವಾಗಿ ಬಂದ ತಮ್ಮ ಗುಡುಗು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ನೊಂದು ಬರೆದುಕೊಳ್ಳುವುದೇನೆಂದರೆ:

1. ನನ್ನ ಧರ್ಮಪತ್ನಿ ಸುಲಭಾ ಹೋಳಿ ಮುಗಿದ ಮೇಲೆ ಪುಣೆಯ ತಂಗಿಯ ಮನೆಗೆ ಹೋದವಳು ಇನ್ನೂ ಬಂದಿಲ್ಲ. ಈ ವಯಸ್ಸಿನಲ್ಲಿ ಅವಳಿಗೆ ಮೈಯೊಳಗಿಂದಲೇ ಬೆಂಕಿ ಏಳುತ್ತದೆ. ನಮ್ಮ ಕೋಣೆಯ ಮೇಲೆ ಕಾದ ತಾರಸಿ. ಹೋಗುವಾಗ ಹೇಳಿದ್ದು: "ಆ ಹಳೇ ಕೂಲರ್ ಸರಿಮಾಡ್ಸಿ. ಕೋಣೆ ತಣ್ಣಗಾದ ದಿನ ಫೋನ್ ಮಾಡ್ರಿ, ಬರ್ತೀನಿ."

2. ಕಾರಣ, ಕೂಲರಿನ ಮೋಟರು ಬದಲಾಯಿಸಿ, ಹೊಸ ಲಾವಂಚದ ತಟ್ಟಿ ಕಟ್ಟಿಸಿ, ಕಿಟಕಿಗೆ ಕೂರಿಸಿ, ನೀರು ತುಂಬಿದೆ. ತುಂಬಿ ಕೈ ಒರೆಸಿಕೊಳ್ಳುವಷ್ಟರಲ್ಲಿ ತಾವು ಮೋಡ ಕಳಿಸಿದಿರಿ. ಒಣ ಬಿಸಿಲಿದ್ದರೆ ಮಾತ್ರ ಕೂಲರಿಗೆ ಬೆಲೆ. ಮೋಡ ಕವಿದರೆ ಅದು ಹಾಸಿಗೆ ಒದ್ದೆ ಮಾಡುವ ಯಂತ್ರ. ಮಳೆಯಾದರೂ ಸುರಿಯಿತೇ? ಇಲ್ಲ. ನಾಲ್ಕು ಹನಿ. ಹಪ್ಪಳ ಕೆಡಿಸಲು ಸಾಕು, ಕೋಣೆ ತಣಿಸಲು ಸಾಲದು. ಕೂಲರ್ ಇಳಿಸಿದೆ, ಬಿಸಿಲು ಬಂತು. ಏರಿಸಿದೆ, ಮೋಡ ಬಂತು. ಇದನ್ನು ಆಕಸ್ಮಿಕವೆಂದು ಸಮಜಾಯಿಷಿ ಕೊಡಬೇಡಿ.

3. ಹಪ್ಪಳದ ಮಾತು ಬಂದದ್ದರಿಂದ ತಿಳಿಸುವುದು: ಕೆಳಮನೆಯ ಶೇವಂತಾ ಕಾಕು ವರ್ಷದ ಹಪ್ಪಳ ಒಣಗಿಸುವುದು ನಮ್ಮ ತಾರಸಿಯಲ್ಲೇ. ಈಗ ಆಕೆ ಆಕಾಶ ನೋಡುವುದನ್ನು ಬಿಟ್ಟು ನನ್ನ ಕಿಟಕಿ ನೋಡುತ್ತಾಳೆ. ನಾನು ಬಕೆಟ್ ಮುಟ್ಟಿದರೆ ಸಾಕು, "ಏಳ್ರೇ, ದಾಮೂ ನೀರು ತುಂಬ್ತಿದ್ದಾನೆ! ಹಪ್ಪಳ ಎತ್ರೇ!" ಎಂದು ಗಲ್ಲಿಯನ್ನೇ ಎಬ್ಬಿಸುತ್ತಾಳೆ. ಮೇ ಕೊನೆಯ ಒಂಬತ್ತು ದಿನದ ಉರಿಬಿಸಿಲಾದ ನವತಪದಲ್ಲಿ ಮಳೆ ಬಿದ್ದರೆ ಮಳೆಗಾಲ ಕೆಡುತ್ತದೆಂಬ ನಂಬಿಕೆಯೂ ಇರುವುದರಿಂದ, ಕಳೆದ ವಾರ ನನ್ನ ನೀರಿನ ಪೈಪನ್ನೇ ಜಪ್ತಿ ಮಾಡಿದಳು. "ಊರಿನ ಮಳೆಗಾಲ ಹಾಳುಮಾಡ್ಬೇಡ, ನಿನ್ನ ಕಾಲಿಗೆ ಬೀಳ್ತೀನಿ" ಅಂದಳು. ಬೀಳಲಿಲ್ಲ.

4. ಕಚೇರಿಯಲ್ಲೂ ಇದೇ ಕಥೆ. ಸಾಹೇಬರ ಎ.ಸಿ. ನೇರವಾಗಿ ನನ್ನ ನೆತ್ತಿಗೇ ಊದುತ್ತದೆ. ನಡುಗಿ ನಡುಗಿ, ಮೇ ತಿಂಗಳಲ್ಲಿ ಸ್ವೆಟರ್ ಹಾಕಿಕೊಂಡು ಹೋದೆ. ಅಂದೇ ಎ.ಸಿ. ಕೆಟ್ಟಿತು. ಛತ್ರಿ ಹಿಡಿದು ಹೋದ ದಿನವಂತೂ ಒಂದು ಹನಿಯೂ ಇಲ್ಲ, ಧಗಧಗ ಬಿಸಿಲು. "ಭೋಯರ್ ಭಾವೂ, ನಿಮ್ಮನ್ನ ಹವಾಮಾನ ಇಲಾಖೆಗೇ ವರ್ಗ ಮಾಡಿಸ್ಬೇಕು" ಎಂದು ಪ್ಯೂನನೂ ನಗುತ್ತಾನೆ.

5. ಸುಲಭಾಳಿಗೆ ನಾನು ಫೋನಿನಲ್ಲಿ ಸುಳ್ಳು ಹೇಳಲಾರೆ. "ಕೋಣೆ ತಣ್ಣಗಾಯ್ತಾ?" ಎಂದು ಪ್ರತಿ ಭಾನುವಾರ ಕೇಳುತ್ತಾಳೆ. "ಇನ್ನೊಂದೆರಡು ದಿನ" ಎನ್ನುತ್ತೇನೆ. ಆಚೆಯಿಂದ ತಂಗಿಯ ಎ.ಸಿ.ಯ ಸದ್ದು ಕೇಳುತ್ತದೆ. ಮನೆಯಲ್ಲಿ ಅವಳಿಲ್ಲದೆ ನನಗೆ ಅನ್ನ ಸೇರುತ್ತಿಲ್ಲ. ಇದನ್ನು ಕಡತದಲ್ಲಿ ದಾಖಲಿಸಿಕೊಳ್ಳಬಹುದು.

6. ನಿನ್ನೆ ಅವಳೇ ಅಂದಳು: "ನಾಡಿದ್ದು ಮಧ್ಯಾಹ್ನದ ರೈಲಿಗೆ ಬರ್ತೀನಿ. ಒಂದು ರಾತ್ರಿ ನೋಡ್ತೀನಿ. ನಿದ್ದೆ ಹತ್ತಲಿಲ್ಲಾಂದ್ರೆ ಮಳೆಗಾಲ ಮುಗಿಯೋವರೆಗೂ ಈ ಕಡೆ ತಲೆ ಹಾಕಲ್ಲ."

7. ಸುದ್ದಿ ಗೋಡೆ ದಾಟಿತು. ಇಂದು ಬೆಳಿಗ್ಗೆ ಶೇವಂತಾ ಕಾಕು ಹಸಿ ಹಪ್ಪಳವನ್ನೆಲ್ಲ ತಾನಾಗಿಯೇ ಒಳಗಿಟ್ಟು, ಪೈಪನ್ನು ನನ್ನ ಬಾಗಿಲಿಗೆ ತಂದು ಎಸೆದಳು. "ತುಂಬೋ ದಾಮೂ. ಹಪ್ಪಳ ಬಿಡು, ಮುಂದಿನ ವರ್ಷಾನೂ ಮಾಡ್ಬಹುದು. ಮೊದ್ಲು ಅವಳು ಬರ್ಲಿ" ಅಂದಳು. ಪೈಪು ಜೋಡಿಸಿದೆ. ನೀರು ಬಿಟ್ಟೆ.

ಆದ್ದರಿಂದ, ನಾಳೆ ಒಂದು ದಿನದ ಮಟ್ಟಿಗೆ ಒಣ ಬಿಸಿಲನ್ನು ಕೊರತೆಯಿಲ್ಲದಂತೆ ಮಂಜೂರು ಮಾಡಬೇಕಾಗಿ ಕೋರುತ್ತೇನೆ. ನಲವತ್ತಾರು ಡಿಗ್ರಿಯಾದರೂ ಆಕ್ಷೇಪಣೆಯಿಲ್ಲ.

ಇಷ್ಟಾದರೂ ತಮ್ಮನ್ನು ನಂಬಿರುವ,
ದಾ. ಗು. ಭೋಯರ್

ಲಗತ್ತುಗಳು:
1) ಹೊಸ ತಟ್ಟಿಯಿಂದ ಕಿತ್ತ ಲಾವಂಚದ ಎಳೆ, ಒಂದು.
2) ಹನಿ ಬಿದ್ದು ಬೂಸಲು ಹಿಡಿದ ಹಪ್ಪಳ, ಒಂದು.

ವಿ.ಸೂ.: ನಾಳೆ ಅವಳನ್ನು ಕರೆತರಲು ಸ್ಟೇಷನ್ನಿಗೆ ದೊಡ್ಡ ಕರಿ ಛತ್ರಿ ಬಿಚ್ಚಿ ಹಿಡಿದುಕೊಂಡೇ ಹೋಗುತ್ತಿದ್ದೇನೆ. ತಾವು ದಯವಿಟ್ಟು ಛತ್ರಿಯನ್ನು ಮಾತ್ರ ನೋಡಬೇಕು. ಕಿಟಕಿಯಲ್ಲಿರುವ ಕೂಲರಿನ ಕಡೆ ಕಣ್ಣು ಹಾಯಿಸಬಾರದಾಗಿ ವಿನಂತಿ.