ಡೀಸೆಲ್ ಕಾರಿನ ದಿಗ್ವಿಜಯ

ಚನ್ನಬಸವರಾಜ ಆ ಸಂಜೆ ಚಹಾದ ಜೊತೆಗೆ ಆ ಒಂದು ಮಾತನ್ನೂ ನುಂಗಿಬಿಟ್ಟಿದ್ದರೆ ಅವನಿಗೆ ಇಷ್ಟೆಲ್ಲ ತಾಪತ್ರಯ ಆಗುತ್ತಿರಲಿಲ್ಲ. ಆದರೆ ಬಳ್ಳಾರಿ ಗಾಂಧಿನಗರದ ಚಹಾದಂಗಡಿಯ ಮುಂದೆ ಕೂತವರು ಇದುವರೆಗೆ ಯಾವ ಮಾತನ್ನೂ ನುಂಗಿದ್ದಿಲ್ಲ.

"ಫ್ರಾನ್ಸ್ ದೇಶದಾಗ ಲೆ ಮಾನ್ಸ್ ಅಂತ ಒಂದು ಊರೈತಿ," ಎಂದು ಅವನು ಶುರುಮಾಡಿದ. "ಅಲ್ಲಿ ಇಪ್ಪತ್ನಾಕು ತಾಸು ಒಂದಸಮ ಕಾರು ಓಡಸ್ತಾರ. ಎರಡು ಸಾವಿರದ ಆರರಾಗ ಅದನ್ನ ಗೆದ್ದಿದ್ದು ಡೀಸೆಲ್ ಕಾರು! ಆಮ್ಯಾಲೂ ವರ್ಷಗಟ್ಟಲೆ ಡೀಸೆಲ್ ಕಾರಿಂದ ರಾಜ್ಯ. ಪೆಟ್ರೋಲ್ ಕಾರು ಬಂಕಿನ ಕಡಿ ಓಡತಿದ್ವು, ಡೀಸೆಲ್ ಕಾರು ಮುಂದಕ್ಕ ಓಡತಿದ್ವು."

ಈ ಮಾತು ತಾಗಬೇಕಾದಲ್ಲೇ ತಾಗಿತು. ಪಕ್ಕದ ಮನೆಯ ತಿಪ್ಪೇಸ್ವಾಮಿ ಹೋದ ತಿಂಗಳಷ್ಟೇ ಹೊಸ ಪೆಟ್ರೋಲ್ ಕಾರು ತಂದಿದ್ದ. ಅದು ಬೆಕ್ಕು ಅಡುಗೆಮನೆಗೆ ಬಂದ ಹಾಗೆ ಸದ್ದಿಲ್ಲದೆ ಓಣಿಗೆ ಬರುತ್ತಿತ್ತು. ಚನ್ನಬಸವರಾಜನ ಹಳೆಯ ಡೀಸೆಲ್ ಕಾರಾದರೋ ಬೆಳಿಗ್ಗೆ ಕೆಮ್ಮಿ, ಕ್ಯಾಕರಿಸಿ, ಹೊಗೆ ಉಗುಳಿ, ಇಡೀ ಓಣಿಯನ್ನು ಎಬ್ಬಿಸಿದ ಮೇಲೆಯೇ ಹೊರಡುತ್ತಿತ್ತು. ಜೀನ್ಸ್ ಹೊಲಿಯುವವರಿಗೆ ಜಿಪ್ಪು, ಗುಂಡಿ ಮಾರುವ ಅವನ ಅಂಗಡಿಗೆ ಹದಿನೇಳು ವರ್ಷದಿಂದ ಅದೇ ಗಾಡಿ. ಅದರ ಮೇಲೆ ಅವನಿಗೆ ಹೆತ್ತ ಮಗುವಿನ ಮೇಲಿನಷ್ಟು ಪ್ರೀತಿ.

"ಲೇ ಬಸ್ಯಾ, ಫ್ರಾನ್ಸ್ ಮಾತು ಬಿಡು," ಎಂದ ತಿಪ್ಪೇಸ್ವಾಮಿ. "ನಮ್ಮ ಮೋಟಾರು ಕೂಟದೋರು ಬರೋ ಐತಾರ ಹನ್ನೆರಡು ತಾಸಿನ ಓಟ ಇಟ್ಟಾರ. ನಿನ್ನ ಡಬ್ಬಾನ ಅಲ್ಲಿ ತಂದು ತೋರಿಸು. ನಾನೂ ಬರ್ತೀನಿ."

ಸುದ್ದಿ ಚನ್ನಬಸವರಾಜನಿಗಿಂತ ಮೊದಲೇ ಮನೆ ಮುಟ್ಟಿತ್ತು. ಹೆಂಡತಿ ಶೈಲಜಾ ಬಾಗಿಲಲ್ಲೇ ನಿಂತಿದ್ದಳು. ಆ ಕಾರಿನ ಹೊಗೆಗೆ ಒಣಹಾಕಿದ ಬಟ್ಟೆ ಕಪ್ಪಾಗುವುದನ್ನೂ, ಅದಕ್ಕಾಗಿ ಓಣಿಯವರ ಮಾತು ಕೇಳುವುದನ್ನೂ ಸಹಿಸಿ ಸಹಿಸಿ ಅವಳಿಗೆ ಸಾಕಾಗಿತ್ತು. ರಾರಾವಿ ಹಳ್ಳಿಯ ಅವಳ ಸೋದರಮಾವ ಗಾದೆಪ್ಪ, ಹೊಳೆಯಿಂದ ಗದ್ದೆಗೆ ನೀರೆತ್ತುವ ಪಂಪಿಗೆ ಆ ಕಾರಿನ ಎಂಜಿನ್ ಕೊಡಿರೆಂದು ವರ್ಷದಿಂದ ಕೇಳುತ್ತಿದ್ದ.

"ರೀ, ನೀವು ಗೆದ್ರ ಕಾರು ಮನ್ಯಾಗಾ ಇರ್ಲಿ, ನಾ ತುಟಿ ಪಿಟಕ್ಕನ್ನಂಗಿಲ್ಲ," ಎಂದಳು. "ಸೋತ್ರ ಎಂಜಿನ್ ಗಾದೆಪ್ಪ ಮಾಮಗ ಕೊಡೋದು. ಆತೇನ್ರಿ?"

ತನ್ನ ಕಾರಿನ ಎದೆ ಬಗೆದು ಎಂಜಿನ್ ತೆಗೆದು, ಹೊಳೆದಂಡೆಯ ಕೆಸರಿನಲ್ಲಿ ನೆಟ್ಟು ನೀರೆತ್ತಿಸುವ ದೃಶ್ಯ ಚನ್ನಬಸವರಾಜನ ಕಣ್ಣಿಗೆ ಕಟ್ಟಿತು. ಆದರೂ "ಆತು" ಎಂದುಬಿಟ್ಟ.

ಓಟದ ಕಟ್ಟಳೆ ಸರಳವಾಗಿತ್ತು. ಬಳ್ಳಾರಿಯಿಂದ ಸಿರುಗುಪ್ಪ, ಅಲ್ಲಿಂದ ಕುರುಗೋಡು, ಮತ್ತೆ ಬಳ್ಳಾರಿ. ಹೀಗೆ ಬೆಳಗಿನಿಂದ ಹೊತ್ತು ಮುಳುಗುವವರೆಗೆ ಸುತ್ತಬೇಕು. ಹೆಚ್ಚು ಸುತ್ತು ಹಾಕಿದವರು ಗೆದ್ದಂತೆ. ಸುತ್ತು ಸಮವಾದರೆ ಮೊದಲು ಬಂದವರು ಗೆದ್ದಂತೆ. ಪೊಲೀಸರು ಒಪ್ಪಿದ್ದು ಒಂದೇ ಕರಾರಿನ ಮೇಲೆ, ಯಾರ ವೇಗವೂ ಅರವತ್ತು ದಾಟಬಾರದು. ಎಲ್ಲರಿಗೂ ಒಂದೇ ಅಳತೆಯ ಎಣ್ಣೆ. ಮುಗಿದರೆ ಬಳ್ಳಾರಿಯಲ್ಲಿ ಗೊತ್ತುಮಾಡಿದ ಬಂಕಿನಲ್ಲೇ ಸರದಿಯಲ್ಲಿ ನಿಂತು ಹಾಕಿಸಿಕೊಳ್ಳಬೇಕು. ಸಿರುಗುಪ್ಪ, ಕುರುಗೋಡುಗಳಲ್ಲಿ ಕೂಟದವರ ಮುಂದೆ ನಿಂತು ಹಾಜರಿ ಹೇಳಿ ಹೋಗಬೇಕು.

"ಲೆ ಮಾನ್ಸಿನಾಗೂ ಡೀಸೆಲ್ಲಿಗೆ ಇದಾ ಲಾಭ," ಎಂದು ಚನ್ನಬಸವರಾಜ ಗಾಲಿಗೆ ನಿಂಬೆಹಣ್ಣು ಇಡುತ್ತ ಹೆಂಡತಿಗೆ ಹೇಳಿದ. "ಬಂಕಿಗೆ ಹೋಗೋದು ಕಮ್ಮಿ. ನಾನು ಎಲ್ಲೂ ನಿಲ್ಲಂಗಿಲ್ಲ ನೋಡು."

ಎಲ್ಲೂ ನಿಲ್ಲದಿರಲು ಅದು ಫ್ರಾನ್ಸ್ ಆಗಿರಲಿಲ್ಲ.

ಮೊದಲ ಸುತ್ತಿನಲ್ಲಿ ಸಿರುಗುಪ್ಪದ ಬಸ್‌ಸ್ಟ್ಯಾಂಡಿನ ಪಕ್ಕ ಹಾಜರಿ ಹೇಳಲು ಇಳಿದ. ಹೇಳಿ ತಿರುಗುವಷ್ಟರಲ್ಲಿ ಕಾರಿನ ತುಂಬ ಜನ. ಆ ಸೀಮೆಯಲ್ಲಿ ಡೀಸೆಲ್ ಎಂಜಿನ್ ಬಡಬಡಿಸುತ್ತ ರಸ್ತೆ ಪಕ್ಕ ನಿಂತಿತೆಂದರೆ ಅದು ಸೀಟಿಗಿಷ್ಟೆಂದು ಜನ ತುಂಬಿಕೊಂಡು ಹೋಗುವ ಸರ್ವಿಸ್ ಗಾಡಿಯೇ. ಕೇಳುವುದೇನಿದೆ, ಹತ್ತಿ ಕೂರುವುದು. ಸಾಲದ್ದಕ್ಕೆ ಬಾಗಿಲಿಗೆ ದೊಡ್ಡದಾಗಿ ಓಟದ ನಂಬರು ಬೇರೆ ಅಂಟಿಸಿತ್ತು. ಹಿಂದೆ ಚನ್ನಬಸಮ್ಮ ಎಂಬ ಹೆಂಗಸು ಮತ್ತವಳ ಮನೆಮಂದಿ, ಮುಂದಿನ ಸೀಟಿನಲ್ಲಿ ಎಲೆಅಡಿಕೆ ಸಂಚಿ ಹಿಡಿದ ಯಂಕಮ್ಮ ಎಂಬ ಮುದುಕಿ.

"ಇದು ಸರ್ವಿಸ್ ಗಾಡಿ ಅಲ್ಲಬೇ, ರೇಸಿನ ಕಾರು!" ಎಂದ ಚನ್ನಬಸವರಾಜ.

"ಹೆಸರು ಏನರ ಇರ್ಲಿ ತಮ್ಮಾ, ಬಳ್ಳಾರಿಗೆ ಹೋಕ್ಕೈತೋ ಇಲ್ಲೋ?" ಎಂದಳು ಯಂಕಮ್ಮ.

"ಹೋಕ್ಕೈತಿ, ಆದ್ರ..."

"ಮತ್ತ ನಿಂತಿ ಯಾಕ? ನಡಿ. ಬಿಸಿಲಾಕ್ಕೈತಿ."

ಜಗಳಕ್ಕೆ ನಿಂತರೆ ಇಳಿಸುವುದಕ್ಕೇ ಒಂದು ತಾಸು ಬೇಕು. ಅವನು ಹಣೆ ಚಚ್ಚಿಕೊಂಡು ಗಾಡಿ ಬಿಟ್ಟ. ತಿಪ್ಪೇಸ್ವಾಮಿ ಕಿಟಕಿ ಏರಿಸಿಕೊಂಡು, ಎಸಿ ಹಾಕಿಕೊಂಡು, ಕೈಬೀಸಿ ಮುಂದೆ ಹೋದ.

ಕುರುಗೋಡಿನಲ್ಲಿ ಇನ್ನೊಂದು ಗಂಡಾಂತರ ಕಾದಿತ್ತು. ಸೋದರತ್ತೆ ವೀರಭದ್ರಮ್ಮ, ಅಳಿಯ ಓಟಕ್ಕೆ ಬರುತ್ತಾನೆಂದು ತಿಳಿದು, ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಹಿಡಿದು ರಸ್ತೆಯ ನಡುವೆಯೇ ನಿಂತಿದ್ದಳು.

"ಅತ್ತೀ, ದಾರಿ ಬಿಡು. ರೇಸಿನಾಗ ಅದೀನಿ."

"ರೇಸಿನಾಗಿದ್ರ ಹೊಟ್ಟಿ ಇರಂಗಿಲ್ಲೇನು? ಮನಿ ಮುಂದ ಹಾದು ಉಣ್ಣದ ಹೋದಿ ಅಂದ್ರ ಮಂದಿ ನನಗೇನಂತಾರ? ಇಳಿ ಕೆಳಗ."

ಇಳಿದ. ಅವನೊಬ್ಬನೇ ಅಲ್ಲ, ಗಾಡಿಯಲ್ಲಿದ್ದವರೆಲ್ಲ ಇಳಿದರು. ವೀರಭದ್ರಮ್ಮ ಯಾರನ್ನೂ ಬರಿಹೊಟ್ಟೆಯಲ್ಲಿ ಕಳಿಸುವವಳಲ್ಲ. ಎರಡನೆಯ ಪಾಳಿ ಬಜ್ಜಿ ಕರಿಯುತ್ತ ಅವಳು, ತನ್ನ ಅಳಿಯ ಗೆಲ್ಲದಿದ್ದರೆ ಕಾರಿನ ಎಂಜಿನ್ ಗಾದೆಪ್ಪನ ಪಂಪಿಗೆ ಹೋಗುತ್ತದೆಂಬ ಕತೆಯನ್ನೂ ಬಡಿಸಿದಳು. ಯಂಕಮ್ಮ ಬಜ್ಜಿ ಅಗಿಯುವುದನ್ನು ನಿಲ್ಲಿಸಿ ಕೇಳಿದಳು.

ಬಳ್ಳಾರಿಯಲ್ಲಿ ಚನ್ನಬಸಮ್ಮ ಮತ್ತವಳ ಪರಿವಾರ ಇಳಿಯಿತು. ಯಂಕಮ್ಮ ಮಾತ್ರ ಕದಲಲಿಲ್ಲ.

"ಯವ್ವಾ, ಬಳ್ಳಾರಿ ಬಂತು."

"ಬರ್ಲಿ ಬಿಡು. ಮಗನ ಮನಿ ಎಲ್ಲೂ ಓಡಿ ಹೋಗಂಗಿಲ್ಲ. ಹುಟ್ಟಿದಾಗಿಂದ ನಾನು ಒಂದೂ ಗೆದ್ದಾಕಿ ಅಲ್ಲ ತಮ್ಮಾ. ಇದೊಂದು ಗೆದ್ದಾ ಇಳಿತೀನಿ."

ಅಲ್ಲಿಂದಾಚೆ ಓಟದ ಯಜಮಾನಿಕೆ ಯಂಕಮ್ಮನ ಕೈಗೆ ಹೋಯಿತು. ಸಿರುಗುಪ್ಪದಲ್ಲಿ ಅವನು ಹಾಜರಿ ಹೇಳುವಾಗ ಅವಳು ಬಾಗಿಲು ಹಿಡಿದು ಕೂತು, "ಜಾಗಿಲ್ಲ, ಜಾಗಿಲ್ಲ! ಹಿಂದಿನ ಗಾಡಿಗೆ ಬರ್ರಿ!" ಎಂದು ಕೂಗಿ ಜನರನ್ನು ಓಡಿಸಿದಳು. ತಾನು ಹತ್ತಿ ಕೂತ ಮೇಲೆ ಮತ್ತೊಬ್ಬರು ಹತ್ತಬಾರದೆಂಬುದು ಎಲ್ಲ ಪ್ರಯಾಣಿಕರ ಧರ್ಮ. ಯಂಕಮ್ಮ ಅದನ್ನು ನಿಷ್ಠೆಯಿಂದ ಪಾಲಿಸಿದಳು. ಕುರುಗೋಡಿನಲ್ಲಿ ವೀರಭದ್ರಮ್ಮನ ಕೈಯಿಂದ ಬಜ್ಜಿಯ ಬುಟ್ಟಿಯನ್ನು ಚಲಿಸುವ ಗಾಡಿಯಿಂದಲೇ ಇಸಿದುಕೊಂಡಳು. "ಉಣ್ಣಸ್ತೀನಿ, ನಾ ಉಣ್ಣಸ್ತೀನಿ!" ಎಂದು ಹಿಂದಕ್ಕೆ ಕೂಗಿ, ಸ್ಟಿಯರಿಂಗ್ ಹಿಡಿದವನ ಬಾಯಿಗೆ ಬಜ್ಜಿ ತುರುಕಿದಳು.

ಮಧ್ಯಾಹ್ನದ ಹೊತ್ತಿಗೆ ಮಿಕ್ಕ ಗಾಡಿಗಳು ಒಂದೊಂದಾಗಿ ಕಳಚಿಕೊಂಡವು. ಒಂದರ ಟೈರು ಬಿಸಿಲಿಗೆ ಒಡೆಯಿತು. ಎರಡು ಗಾಡಿಯವರು ದಾರಿಯಲ್ಲಿ ಯಾರದೋ ಮದುವೆ ಊಟಕ್ಕೆ ಕೂತವರು ಮತ್ತೆ ಏಳಲಿಲ್ಲ. ಕಡೆಗೆ ಉಳಿದದ್ದು ಎರಡೇ. ಮುಂದೆ ತಿಪ್ಪೇಸ್ವಾಮಿಯ ಪೆಟ್ರೋಲ್ ಕಾರು, ಹಿಂದೆ ಚನ್ನಬಸವರಾಜನ ಡೀಸೆಲ್.

ಕೊನೆಯ ಸುತ್ತು. ಸಿರುಗುಪ್ಪ ದಾಟಿ ಕುರುಗೋಡಿನ ಕಡೆಗೆ ಹೊರಟಾಗ ಬಿಸಿಲು ಇಳಿದಿತ್ತು. ಎರಡೂ ಬದಿಗೆ ಭತ್ತದ ಗದ್ದೆ, ಕಾಲುವೆ ಮೇಲಿಂದ ತಣ್ಣಗೆ ಗಾಳಿ. ಎಂಜಿನ್ ಒಂದೇ ಲಯದಲ್ಲಿ ಬಡಿದುಕೊಳ್ಳುತ್ತಿತ್ತು. ಚನ್ನಬಸವರಾಜನಿಗೆ ಮನಸ್ಸು ತುಂಬಿ ಬಂತು. ಸೋಲುವುದು ಖಚಿತವಾಗಿತ್ತು. ಆದರೂ ಈ ಮುದಿ ಗಾಡಿ ಬೆಳಗಿನಿಂದ ಒಮ್ಮೆಯೂ ಬಂಕಿನ ಮುಖ ನೋಡದೆ, ಒಮ್ಮೆಯೂ ಮುನಿಯದೆ ಓಡಿತ್ತು. ಅವನು ಪ್ರೀತಿಯಿಂದ ಅದರ ಸ್ಟಿಯರಿಂಗ್ ಸವರಿದ.

"ಅಗಾ ನೋಡು! ನಿಂತಾನ!" ಎಂದು ಯಂಕಮ್ಮ ಕೂಗಿದಳು.

ರಸ್ತೆ ಪಕ್ಕದಲ್ಲಿ ತಿಪ್ಪೇಸ್ವಾಮಿಯ ಕಾರು ನಿಂತಿತ್ತು. ಮುಂದಿನ ಸ್ಥಾನ ಬಿಟ್ಟುಕೊಡಬಾರದೆಂದು ಬಂಕಿಗೆ ಹೋಗದೆ ಬಂದಿದ್ದ. ಎಸಿಯೂ ತನ್ನ ಪಾಲಿನ ಎಣ್ಣೆ ಕುಡಿದಿತ್ತು. ಅವನು ಬೆವತು ಕಾಲುವೆ ಏರಿಯ ಮೇಲೆ ಕೂತಿದ್ದ.

ಚನ್ನಬಸವರಾಜ ಬ್ರೇಕ್ ಒತ್ತಿದ.

"ನಿಲ್ಲಬ್ಯಾಡ, ನಡಿ!" ಎಂದು ಯಂಕಮ್ಮ ಅವನ ತೋಳು ಹಿಡಿದಳು.

"ದಿನಾ ಬೆಳಿಗ್ಗೆ ಅವನ ಮುಖ ನೋಡಬೇಕಬೇ," ಎಂದ ಚನ್ನಬಸವರಾಜ. ನಿಜಕ್ಕೂ ಅವನಿಗೆ ಅಯ್ಯೋ ಅನಿಸಿತ್ತು. ಕಿಟಕಿಯಿಂದ ತಲೆ ಹೊರಹಾಕಿ, "ತಿಪ್ಪೇಸಿ, ಎಣ್ಣಿ ಬೇಕೇನು? ನನ್ನ ಹಂತ್ಯಾಗ ಮಸ್ತ್ ಐತಿ. ಆದ್ರ ನಿನ್ನ ಕಾರು ಅದನ್ನ ಕುಡಿಯಂಗಿಲ್ಲಲ್ಲ," ಎಂದ.

"ನಗು ಮಾರಾಯ, ನಗು. ನಿನ್ನ ಕಾಲ ಬಂದೈತಿ," ಎಂದು ತಿಪ್ಪೇಸ್ವಾಮಿ ಅಳುವ ದನಿಯಲ್ಲಿ ಹೇಳಿದ.

ಡಿಕ್ಕಿಯಲ್ಲಿ ಹಗ್ಗವಿತ್ತು. ಇದುವರೆಗೆ ಆ ಹಗ್ಗದಿಂದ ಬೇರೆಯವರು ಎಳೆದದ್ದೆಲ್ಲ ಚನ್ನಬಸವರಾಜನ ಕಾರನ್ನೇ. ಮೊದಲ ಸಲ ಅದರ ಇನ್ನೊಂದು ತುದಿಯನ್ನು ಕಟ್ಟುವಾಗ ಅವನು ಹಿಗ್ಗಿನಿಂದ ಒಂದು ಗಂಟು ಹೆಚ್ಚಿಗೆಯೇ ಹಾಕಿದ.

ಹೊತ್ತು ಮುಳುಗುವಾಗ ಗಾಂಧಿನಗರದ ಮೈದಾನದಲ್ಲಿ ಸೇರಿದ್ದವರು ಕಣ್ಣರಳಿಸಿ ನೋಡಿದರು. ಹೊಗೆಯುಗುಳುತ್ತ ಹಳೆಯ ಡೀಸೆಲ್ ಕಾರು ಗೆರೆ ದಾಟಿತು. ಅದರ ಹಿಂದೆ, ಹಗ್ಗದಷ್ಟು ಅಂತರದಲ್ಲಿ, ಹೊಸ ಪೆಟ್ರೋಲ್ ಕಾರು ಸಂತೆಗೆ ಬಂದ ಹಸುವಿನ ಹಾಗೆ ತಲೆತಗ್ಗಿಸಿ ಬಂತು. ಕೂಟದ ಅಧ್ಯಕ್ಷ ಕೊಟ್ಟೂರಪ್ಪನವರು ಮೊದಲನೆಯ ಬಹುಮಾನ ಡೀಸೆಲ್ಲಿಗೆ, ಎರಡನೆಯದು ಹಗ್ಗದ ತುದಿಗೆ ಎಂದು ಸಾರಿದರು.

ಯಂಕಮ್ಮ ಕುಣಿದಳು. ಕಾರಿಗೆ ಹಾರ ಬಿತ್ತು, ಚನ್ನಬಸವರಾಜನಿಗೆ ಶಾಲು ಬಿತ್ತು, ಕೈಗೊಂದು ದೊಡ್ಡ ಕಪ್ಪು ಬಂತು. ಶೈಲಜಾ ಹತ್ತಿರ ಬಂದು, "ಆತು ರೀ, ಇನ್ನ ನಾ ಕೊಡೂ ಮಾತು ಎತ್ತಂಗಿಲ್ಲ," ಎಂದಳು. ಅವನಿಗೆ ಕುಡಿಯದೆ ಮತ್ತೇರಿದ ಹಾಗಾಯಿತು.

ಅಷ್ಟರಲ್ಲಿ ತಿಪ್ಪೇಸ್ವಾಮಿ ಮೈಕು ಹಿಡಿದ. ಅವನ ಕಣ್ಣಲ್ಲಿ ನೀರಿತ್ತು.

"ಹಿರಿಯರೇ, ಬಸವರಾಜ ನನ್ನ ಕೈ ಬಿಟ್ಟು ಬರಬಹುದಿತ್ತು, ಬರ್ಲಿಲ್ಲ. ನನ್ನ ಎಳಕೊಂಡು ಬಂತು ಈ ಕಾರು. ಇಂಥಾ ಕಾರು ಇನ್ನ ಮ್ಯಾಲೆ ರೋಡಿನ ಧೂಳು ತಿನ್ನಬಾರ್ದು. ನಮ್ಮ ಸರ್ಕಲ್ಲಿನಾಗ ಒಂದು ಕಟ್ಟಿ ಕಟ್ಟೋಣ. ಅದರ ಮ್ಯಾಲೆ ಇದನ್ನ ಇಟ್ಟು, ಬರೋರು ಹೋಗೋರು ಕೈ ಮುಗಿಯೋ ಹಂಗ ಮಾಡೋಣ. ಕಟ್ಟಿ ಖರ್ಚೆಲ್ಲಾ ನನಗಿರ್ಲಿ!"

ಚಪ್ಪಾಳೆ ಮೈದಾನವನ್ನೇ ನಡುಗಿಸಿತು. ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಹೆಚ್ಚು ಹೊತ್ತು ಹೊಡೆದವರು ಅವನ ಓಣಿಯವರೇ. ಹದಿನೇಳು ವರ್ಷದ ಬೆಳಗಿನ ನಿದ್ದೆ ಅವರ ಕಣ್ಣೆದುರು ಬಂದು ನಿಂತಿತ್ತು.

"ಅಲ್ರೀ, ನನಗ ದಿನಾ ಓಡಿಸಾಕ..." ಎಂದು ಚನ್ನಬಸವರಾಜ ಬಾಯಿ ತೆರೆದ. ಮಿಕ್ಕ ಮಾತು ಚಪ್ಪಾಳೆಯಲ್ಲಿ ಮುಳುಗಿತು.

"ನೋಡ್ರಿ, ಸಂತೋಷಕ್ಕ ಮಾತಾ ಹೊರಡವಲ್ವು!" ಎಂದು ಕೊಟ್ಟೂರಪ್ಪನವರು ಇನ್ನೊಂದು ಶಾಲು ಹೊದಿಸಿ, ಕಾರಿನ ಕೀಲಿಯನ್ನು ಎಲ್ಲರೆದುರು ಅವನ ಕೈಯಿಂದಲೇ ಇಸಿದುಕೊಂಡು, ಮೂರು ಸಲ ಮೇಲೆತ್ತಿ ತೋರಿಸಿದರು. ಅಷ್ಟು ಹಿರಿಯರು, ಅಷ್ಟು ಜನರ ಮುಂದೆ, ಎರಡೆರಡು ಶಾಲು ಹೊದಿಸಿದ ಮೇಲೆ ಇಲ್ಲ ಎನ್ನುವುದು ಹೇಗೆ?

ಗುಂಪಿನಿಂದ ಗಾದೆಪ್ಪ ಮುಂದೆ ಬಂದ. ಓಟ ನೋಡಲೆಂದೇ ರಾರಾವಿಯಿಂದ ಬಂದಿದ್ದ. "ಅಳಿಯಂದ್ರ, ಕಟ್ಟಿ ಮ್ಯಾಲೆ ಎತ್ತಿ ಇಡಾಕ ಕ್ರೇನಿನವನ್ನ ಈಗಾ ಫೋನಿನಾಗ ಕೇಳೀನಿ, ಭಾರ ಕಮ್ಮಿ ಮಾಡ್ಬೇಕಂತ. ಕಟ್ಟಿ ಮ್ಯಾಲೆ ನಿಂತ ಕಾರಿಗೆ ಎಂಜಿನ್ ಯಾತಕ್ಕ? ಅದನ್ನ ನಾ ಒಯ್ತೀನಿ. ಹನ್ನೆರಡು ತಾಸು ಓಡಿದ್ದು ನಾನಾ ನೋಡೀನಲ್ಲ, ಇನ್ನ ಅನುಮಾನ ಇಲ್ಲ."

"ನಾ ಅಂತೂ ಕೊಟ್ಟಿಲ್ರೀ," ಎಂದಳು ಶೈಲಜಾ ಮೆಲ್ಲಗೆ. ಗಂಡನ ಮುಖ ನೋಡಿ ಅವಳಿಗೂ ಯಾಕೋ ಕೆಡುಕೆನಿಸಿತು.

ಸೋತಿದ್ದರೆ ಬರೀ ಎಂಜಿನ್ ಹೋಗುತ್ತಿತ್ತು. ಗೆದ್ದದ್ದಕ್ಕೆ ಎಂಜಿನ್ನೂ ಹೋಯಿತು, ಕಾರೂ ಹೋಯಿತು.

ಜನ ಕರಗಿದರು. ತಿಪ್ಪೇಸ್ವಾಮಿ ತನ್ನ ಕಾರಿನ ಬಾಗಿಲು ತೆರೆದು, "ಬರ್ರಿ ಬರ್ರಿ, ಎಲ್ಲಾರ್ನೂ ಮನಿ ಮುಟ್ಟಿಸ್ತೀನಿ. ಬಸ್ಯಾ, ನಾಳಿಂದ ನಿನ್ನ ಅಂಗಡಿಗೂ ನಾನಾ ಬಿಡ್ತೀನಿ," ಎಂದ. ಯಂಕಮ್ಮ ಮುಂದಿನ ಸೀಟು ಹಿಡಿದಳು, ಶೈಲಜಾ ಹಿಂದೆ ಕೂತಳು. ತಿಪ್ಪೇಸ್ವಾಮಿ ಕೀಲಿ ತಿರುವಿದ. ಸದ್ದಿಲ್ಲ. ಮತ್ತೆ ತಿರುವಿದ. ಆಗಲೂ ಸದ್ದಿಲ್ಲ.

"ಎಣ್ಣಿ ಹಾಕ್ಸಿಯೇನೋ?" ಎಂದು ಚನ್ನಬಸವರಾಜ ಕೇಳಿದ.

ತಿಪ್ಪೇಸ್ವಾಮಿ ನಾಲಗೆ ಕಚ್ಚಿಕೊಂಡ.

ಬಂಕು ಎರಡು ಓಣಿ ಆಚೆಗಿತ್ತು. ಚನ್ನಬಸವರಾಜ ಕಪ್ಪನ್ನು ಹೆಂಡತಿಯ ಕೈಗೆ ಕೊಟ್ಟ, ಶಾಲುಗಳನ್ನು ಸೊಂಟಕ್ಕೆ ಬಿಗಿದ, ಕಾರಿನ ಬೆನ್ನಿಗೆ ಭುಜ ಕೊಟ್ಟ. ಮುಂದಿನ ಕಿಟಕಿಯಿಂದ ಯಂಕಮ್ಮ ತಲೆ ಹೊರಹಾಕಿ, "ಜೋರ್ಲೆ ನೂಕು ತಮ್ಮಾ, ಯಾರನ್ನೂ ಮುಂದ ಬಿಡಬ್ಯಾಡ!" ಎಂದು ಕೂಗಿದಳು. ಅವನು ಜೋರಾಗಿಯೇ ನೂಕಿದ.